ಕರಟ, ಸಿಪ್ಪೆ, ಹೊಟ್ಟು: ಯಾವುದು ಒಲೆಗೆ, ಯಾವುದು ತೋಟಕ್ಕೆ?

ಬೆಂಗಳೂರಿನ ಹಲಸೂರಿನ ಪಕ್ಕದಲ್ಲಿ ಜೋಗುಪಾಳ್ಯವಿದೆ. ಇಂಥ ಬಡಾವಣೆಗಳ ಬೀದಿ ಮೂಲೆಯ ಇಸ್ತ್ರಿ ಗಾಡಿಗಳಲ್ಲಿ ಇದ್ದಿಲಿನ ಪೆಟ್ಟಿಗೆ ಬಹಳ ಕಾಲ ಬಿಸಿಯಾಗಿದೆ. ಈಚೆಗೆ ಕೆಲವರು ಗ್ಯಾಸಿಗೆ ತಿರುಗಿದ್ದಾರೆ. ಕರಟದ ಇದ್ದಿಲನ್ನು ಪೇಟೆಯವರು ಕಾಸು ಕೊಟ್ಟು ಕೊಳ್ಳುತ್ತಾರೆ. ನಾವೋ ಅದೇ ಕರಟವನ್ನು ಬಚ್ಚಲ ಒಲೆಗೆ ಹಾಕಿ, ಅಡಿಕೆ ಸಿಪ್ಪೆಯನ್ನು ರಾಶಿಗಟ್ಟಲೆ ಸುಟ್ಟು, ಪಲ್ಪರ್ ನೀರನ್ನು ಹಳ್ಳಕ್ಕೆ ಬಿಟ್ಟು ಸುಮ್ಮನಾಗುತ್ತೇವೆ. ಇದರಲ್ಲಿ ನಮಗಾಗುವ ನಷ್ಟವೆಷ್ಟು ಎಂಬುದನ್ನು ಬೆಳೆಗಾರ ಬಂಧುಗಳು ಯೋಚಿಸಬೇಕು.

ಇದು ಹೊಸ ವಿದ್ಯೆಯೇನಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಕೆಲಸ ಆರಂಭಿಸಿದ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ಮರದ ಬಟ್ಟಿ ಇಳಿಸುವಿಕೆಯೂ ಸೇರಿತ್ತು. ಮಲೆನಾಡಿನ ಸೌದೆ ಅಲ್ಲಿ ಇದ್ದಿಲಾಗುತ್ತಿತ್ತು. ಹೊಗೆಯನ್ನು ತಣಿಸಿ ಮಿಥೈಲ್ ಆಲ್ಕೊಹಾಲ್, ಅಸಿಟೇಟ್, ಟಾರು ತೆಗೆಯುತ್ತಿದ್ದರು. ಹೊಗೆಯಲ್ಲೂ ಹಣವಿದೆ ಎಂಬುದು ಆಗಲೇ ತಿಳಿದಿತ್ತು.

ಒಣ ಕರಟ ನೂರು ಕಿಲೋ ಇದ್ದರೆ, ಗಾಳಿ ತಡೆದು ಸುಟ್ಟಾಗ ಸುಮಾರು 25ರಿಂದ 30 ಕಿಲೋ ಇದ್ದಿಲು ಸಿಗುತ್ತದೆ. ಆ ಇದ್ದಿಲಿಗೆ ಸುಮಾರು 900 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿದರೆ ನೀರು ಶುದ್ಧಿಗೆ ಬೇಕಾದ ಸಕ್ರಿಯ ಇಂಗಾಲವಾಗುತ್ತದೆ. ಕರಾವಳಿಯವರ ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಬಣ್ಣ, ರಾಳ, ಬ್ರೇಕ್ ಲೈನಿಂಗ್‌ಗಳಿಗೆ ಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಹಳ್ಳಿಗೆ ಹೊಂದುವ ತಂತ್ರಗಳನ್ನು ಹುಡುಕಿತು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆ ಅನಿಲದಿಂದ ಎಂಜಿನ್ ನಡೆಸಿ ದೀಪ ಉರಿಸಲಾಯಿತು. ಇಂಥ ಯಂತ್ರಕ್ಕೆ ಕರಟವೂ ಒಳ್ಳೆಯ ಉರುವಲು. ಒಂದು ಯೂನಿಟ್ ವಿದ್ಯುತ್ತಿಗೆ ಸರಿಸುಮಾರು ಒಂದು ಕಿಲೋಗಿಂತ ತುಸು ಹೆಚ್ಚು ಒಣ ಉರುವಲು ಬೇಕು. ಆದರೆ ಹಗುರವಾದ ಅಡಿಕೆ ಸಿಪ್ಪೆ, ಕಾಫಿ ಹೊಟ್ಟು ಹಾಗೆಯೇ ಸುರಿದರೆ ಸಿಕ್ಕಿಕೊಳ್ಳುತ್ತವೆ. ಒತ್ತಿ ಇಟ್ಟಿಗೆಯಂತೆ ಮಾಡಬೇಕಾಗುತ್ತದೆ. ಈ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಮುಚ್ಚಿದ ಕೋಣೆಯಲ್ಲಿ ಪ್ರಾಣಾಪಾಯವುಂಟು. ಇದು ಒಬ್ಬ ಸಣ್ಣ ಹಿಡುವಳಿದಾರನ ಕೆಲಸವಲ್ಲ. ಹತ್ತಾರು ಜನ ಕೂಡಿದರೆ ಮಾತ್ರ ಗಿಟ್ಟೀತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಅಡಿಕೆ ಸಿಪ್ಪೆ, ಕಾಫಿ ಹೊಟ್ಟುಗಳಲ್ಲಿ ಪೊಟ್ಯಾಷ್ ಹೇರಳ. ಉರುವಲಿಗೆಂದು ಅವನ್ನು ಮಾರಿದರೆ ತೋಟದ ಪೊಟ್ಯಾಷೇ ಲಾರಿ ಹತ್ತಿ ಹೋದಂತೆ. ಹೊರದೇಶದಿಂದ ಬರುವ ಪೊಟ್ಯಾಷ್ ಗೊಬ್ಬರವನ್ನು ಮತ್ತೆ ನಾವೇ ಕೊಳ್ಳಬೇಕು. ಮಾರುವುದೇ ಆದರೆ ಬೂದಿಯನ್ನಾದರೂ ಹಿಂದಕ್ಕೆ ಕೇಳಿ ಪಡೆಯಿರಿ. ಇಲ್ಲವಾದರೆ ಸಗಣಿಯೊಡನೆ ಪದರ ಪದರವಾಗಿ ಹಾಕಿ ಕೊಳೆಸುವುದೇ ಲೇಸು. ಸಿಪ್ಪೆಯ ನಾರು ಬೇಗ ಕೊಳೆಯದು, ತಾಳ್ಮೆ ಬೇಕು.

ಪಲ್ಪರ್ ನೀರಿನ ಮಾತು ಬೇರೆ. ಅದರಲ್ಲಿನ ಸಕ್ಕರೆ ಅಂಶ ಹಳ್ಳ ಸೇರಿದರೆ ನೀರಿನ ಪ್ರಾಣವಾಯುವನ್ನು ಹೀರಿ ಮೀನು ಸಾಯುತ್ತವೆ. ಅದೇ ಅಂಶ ಗ್ಯಾಸ್ ಗುಂಡಿಯಲ್ಲಿ ಅಡುಗೆ ಅನಿಲವಾಗುತ್ತದೆ. ಆದರೆ ಆ ನೀರು ಹುಳಿ; ಸುಣ್ಣ ಹಾಕಿ ಹುಳಿ ಮುರಿಯದೆ ಬಿಟ್ಟರೆ ಗುಂಡಿಯ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ.

ಹೀಗಾಗಿ ಲೆಕ್ಕ ಸರಳ. ಸಾರ ಕಡಮೆಯಿರುವ ಕರಟ ಇದ್ದಿಲಿಗೆ ಹೋಗಲಿ. ಪಲ್ಪರ್ ನೀರು ಮೊದಲು ಅನಿಲಕ್ಕೆ, ಬಳಿಕ ಉಳಿದ ಬಗ್ಗಡ ತೋಟಕ್ಕೆ. ಸಿಪ್ಪೆ, ಹೊಟ್ಟು ಗಿಡದ ಬುಡಕ್ಕೆ. ಈ ಸಲ ಸುಲಿಯುವ ಕೆಲಸ ಮುಗಿದ ಮೇಲೆ ಬೆಂಕಿಕಡ್ಡಿ ಗೀರುವ ಮುಂಚೆ ರಾಶಿಯ ಮುಂದೆ ಒಂದು ಗಳಿಗೆ ನಿಂತು ನೋಡಿ.