ಇಪ್ಪತ್ತೈದೂವರೆ ಗಂಟೆಗೆ ಹೊರಡುವ ಬಸ್ಸು

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಬಸ್ ಹತ್ತಿ, ಕಾಮಾಕ್ಷಿಪಾಳ್ಯಕ್ಕೆ ಹೇಗೆ ಹೋಗೋದು ಎಂದು ಕಂಡಕ್ಟರನ್ನು ಕೇಳಿದರೆ ಉತ್ತರಕ್ಕೆ ಎರಡು ಸೆಕೆಂಡು ಸಾಕು. "ಮೆಜೆಸ್ಟಿಕ್‌ನಲ್ಲಿ ಇಳ್ಕೊಳಿ. ಮಾಗಡಿ ರೋಡ್ ಗಾಡಿ ಯಾವ್ದು ಬಂದ್ರೂ ಹತ್ಕೊಳಿ." ಅದೇ ಪ್ರಶ್ನೆಯನ್ನು ಮೊಬೈಲಿನ ಪ್ರಯಾಣ ಆ್ಯಪಿಗೆ ಹಾಕಿದರೆ ಉತ್ತರ ಹೀಗೂ ಬರಬಹುದು: ನ್ಯಾಷನಲ್ ಕಾಲೇಜು ಮೆಟ್ರೋವರೆಗೆ ನಡೆಯಿರಿ, ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ತಲುಪಿ, ನೇರಳೆ ಮಾರ್ಗಕ್ಕೆ ಬದಲಾಯಿಸಿ ಮಾಗಡಿ ರೋಡ್ ನಿಲ್ದಾಣದಲ್ಲಿ ಇಳಿಯಿರಿ, ಇನ್ನಷ್ಟು ನಡೆದು 10:42ರ ಬಸ್ಸು ಹಿಡಿಯಿರಿ. ಇಷ್ಟೆಲ್ಲ ಹತ್ತಿ ಇಳಿದರೆ ಉಳಿಯುವುದು ಮೂರೋ ನಾಲ್ಕೋ ನಿಮಿಷ. ಆ 10:42ರ ಬಸ್ಸನ್ನು ಕಣ್ಣಾರೆ ಕಂಡವರು ಯಾರೋ!

ಕಂಡಕ್ಟರು ಹೊತ್ತಿನ ಮಾತನ್ನೇ ಎತ್ತಲಿಲ್ಲ. ಮೊಬೈಲು ಹೊತ್ತನ್ನು ಬಿಟ್ಟು ಬೇರೇನೂ ಆಡಲಿಲ್ಲ. ಆ್ಯಪಿನ ಮೇಲೆ ಪ್ರಯಾಣಿಕರಿಗಿರುವ ಸಿಟ್ಟೆಲ್ಲ ಹುಟ್ಟುವುದು ಈ ವ್ಯತ್ಯಾಸದಲ್ಲೇ. ಯಂತ್ರದ ಹೊಟ್ಟೆ ಬಗೆದು ನೋಡಿದರೆ ಅದು ಯಾಕೆ ಹಾಗೆ ಮಾತಾಡುತ್ತದೆ ಎಂಬುದು ತಿಳಿಯುತ್ತದೆ.

ಮೊದಲ ಅಚ್ಚರಿ ಏನೆಂದರೆ ಒಳಗೆ ಇರುವುದು ಮುಖ್ಯವಾಗಿ ವೇಳಾಪಟ್ಟಿ. ನಕ್ಷೆಗೆ ಅಲ್ಲಿ ಎರಡನೇ ಜಾಗ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್‌ನಲ್ಲಿ ಕೆಲಸ ಮಾಡುತ್ತಿದ್ದ ಬಿಬಿಯಾನಾ ಮೆಕ್‌ಹ್ಯೂ ಅವರಿಗೆ ಒಂದು ಕೊರಗಿತ್ತು. ಕಾರಿನಲ್ಲಿ ಹೋಗುವವರಿಗೆ ದಾರಿ ಹೇಳಲು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸೌಕರ್ಯವಿದೆ, ಬಸ್ಸಿನವರನ್ನು ಕೇಳುವವರೇ ಇಲ್ಲ ಎಂದು. ಅವರು ಗೂಗಲ್‌ನ ಬಾಗಿಲು ತಟ್ಟಿದರು. ಅಲ್ಲಿ ಕ್ರಿಸ್ ಹ್ಯಾರೆಲ್ಸನ್ ಎಂಬ ಎಂಜಿನಿಯರು ಇದೇ ಯೋಚನೆಯಲ್ಲಿದ್ದರು. ಅದೇ ಡಿಸೆಂಬರಿನಲ್ಲಿ ಪೋರ್ಟ್‌ಲ್ಯಾಂಡಿನ ಬಸ್ಸು ರೈಲುಗಳ ದಾರಿ ಹೇಳುವ ಸೇವೆ ಶುರುವಾಯಿತು. ಅದಕ್ಕೆಂದು ರೂಪಿಸಿದ ದತ್ತಾಂಶದ ನಮೂನೆಗೆ ಜಿಟಿಎಫ್‌ಎಸ್ ಎಂದು ಹೆಸರು. ಮೊದಲು ಆ 'ಜಿ' ಗೂಗಲ್‌ನದಾಗಿತ್ತು. ಎಲ್ಲರೂ ಬಳಸತೊಡಗಿದ ಮೇಲೆ, 2009ರಲ್ಲಿ, ಅದೇ ಅಕ್ಷರವನ್ನು ಉಳಿಸಿಕೊಂಡು 'ಜನರಲ್' ಎಂದು ಅರ್ಥ ಬದಲಾಯಿಸಿದರು.

ಹೆಸರು ಗಂಭೀರ, ಸರಕು ಸರಳ. ಒಂದಿಷ್ಟು ಪಠ್ಯ ಕಡತಗಳನ್ನು ಒಂದು ಗಂಟಿಗೆ ಕಟ್ಟಿರುತ್ತಾರೆ. ಒಂದರಲ್ಲಿ ನಿಲ್ದಾಣಗಳ ಅಕ್ಷಾಂಶ ರೇಖಾಂಶ, ಇನ್ನೊಂದರಲ್ಲಿ ರೂಟುಗಳು, ಮತ್ತೊಂದರಲ್ಲಿ ಯಾವ ವಾರ ಯಾವ ಗಾಡಿ ಎಂಬ ಕ್ಯಾಲೆಂಡರು. ಎಲ್ಲಕ್ಕಿಂತ ದಪ್ಪನೆಯ ಕಡತದಲ್ಲಿ ಪ್ರತಿಯೊಂದು ಟ್ರಿಪ್ಪು ಪ್ರತಿಯೊಂದು ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬ ಸಾಲುಗಳು, ಕೆಲವೊಮ್ಮೆ ಲಕ್ಷಗಟ್ಟಲೆ.

ಆ ಸಾಲುಗಳಲ್ಲಿ '25:30:00' ಎಂಬ ಹೊತ್ತು ಕಂಡರೆ ಅದು ಮುದ್ರಣದ ತಪ್ಪೆಂದು ತಿಳಿಯಬೇಕಾಗಿಲ್ಲ. ಶನಿವಾರ ರಾತ್ರಿಯ ಕೊನೆಯ ಪಾಳಿಯ ಬಸ್ಸು ಹೊರಡುವಾಗ ಗಡಿಯಾರದಲ್ಲಿ ಒಂದೂವರೆ, ತಾರೀಕಿನ ಪ್ರಕಾರ ಭಾನುವಾರ. ಆದರೆ ಡ್ರೈವರಿಗೂ ಡಿಪೋಗೂ ಅದು ಶನಿವಾರದ್ದೇ ಗಾಡಿ. ಹಾಗಾಗಿ ಶನಿವಾರವನ್ನೇ ಎಳೆದು ಇಪ್ಪತ್ತೈದೂವರೆ ಗಂಟೆ ಎಂದು ಬರೆಯುತ್ತಾರೆ. ಸೂರ್ಯೋದಯದವರೆಗೆ ಹಿಂದಿನ ದಿನದ ವಾರವನ್ನೇ ಎಣಿಸುವ ಪಂಚಾಂಗ ನೋಡಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಕಷ್ಟ ಬರುವುದು ಆ್ಯಪಿನಲ್ಲಿ ತಾರೀಕು ಆರಿಸುವವರಿಗೆ. ಭಾನುವಾರ ನಸುಕಿನ ಒಂದೂವರೆಗೆ ಬಸ್ಸು ಹುಡುಕುವಾಗ, ಶನಿವಾರದ ಬಾಲವನ್ನೂ ನೋಡಬೇಕೆಂದು ಆ್ಯಪು ಬರೆದವನಿಗೆ ಹೊಳೆಯದೆ ಹೋಗಿದ್ದರೆ 'ಯಾವ ಸೇವೆಯೂ ಇಲ್ಲ' ಎಂಬ ಉತ್ತರ ಗ್ಯಾರಂಟಿ. ಬಸ್ಸು ಮಾತ್ರ ಕಣ್ಣೆದುರೇ ಹೋಗುತ್ತಿರುತ್ತದೆ.

ಇನ್ನು ದಾರಿ ಹುಡುಕುವ ಲೆಕ್ಕ. ಇದರ ಮೂಲಪುರುಷ ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತಾನು ಮದುವೆಯಾಗಲಿದ್ದ ಹುಡುಗಿಯ ಜೊತೆ ಪೇಟೆ ಸುತ್ತಿ ದಣಿದು, ಕಾಫಿ ಅಂಗಡಿಯಲ್ಲಿ ಕೂತಾಗ ಇಪ್ಪತ್ತು ನಿಮಿಷದಲ್ಲಿ ಅದನ್ನು ಮನಸ್ಸಿನಲ್ಲೇ ಕಟ್ಟಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ರಾಟರ್‌ಡ್ಯಾಮಿನಿಂದ ಗ್ರೋನಿಂಗೆನ್‌ಗೆ ಅತಿ ಹತ್ತಿರದ ದಾರಿ ಯಾವುದು ಎಂಬುದು ಆಗಿನ ಪ್ರಶ್ನೆ. ಹೊರಟ ಊರಿನಿಂದ ಅತಿ ಸಮೀಪದ ಊರನ್ನು ಮೊದಲು ಖಚಿತ ಮಾಡಿಕೋ, ಅಲ್ಲಿಂದ ಮುಂದಿನದನ್ನು ಅಳೆ, ಹೀಗೇ ಹಬ್ಬುತ್ತಾ ಹೋಗು ಎಂಬುದು ಅದರ ಸಾರ. ನಿಂತ ನೀರಿಗೆ ಕಲ್ಲೆಸೆದಾಗ ಅಲೆ ಹರಡಿದಂತೆ.

ರಸ್ತೆಗೆ ಈ ಲೆಕ್ಕ ಚೆನ್ನಾಗಿ ಒಗ್ಗುತ್ತದೆ. ರಸ್ತೆ ಯಾವಾಗಲೂ ಬಿದ್ದುಕೊಂಡೇ ಇರುತ್ತದೆ. ಬಸ್ಸು ಹಾಗಲ್ಲ, ಹೊರಟಮೇಲೆ ಇಲ್ಲ. ಹತ್ತು ಸೆಕೆಂಡು ತಡವಾದರೆ ಅರ್ಧ ಗಂಟೆ ಕಾಯಬೇಕು. ಈ ಹೊತ್ತಿನ ಗೋಜಲನ್ನು ಬಿಡಿಸಲು ವಿಜ್ಞಾನಿಗಳು ಹಲವು ಉಪಾಯ ಹೂಡಿದರು. ಅವುಗಳಲ್ಲಿ ಸೊಗಸಾದದ್ದು ಮೈಕ್ರೋಸಾಫ್ಟ್ ಸಂಶೋಧನಾಲಯದ ಡೇನಿಯಲ್ ಡೆಲಿಂಗ್, ಥಾಮಸ್ ಪಯೋರ್ ಮತ್ತು ರೆನಾಟೊ ವೆರ್ನೆಕ್ 2012ರಲ್ಲಿ ಮಂಡಿಸಿದ 'ರ‍್ಯಾಪ್ಟರ್'. ಅದು ಸುತ್ತು ಸುತ್ತಾಗಿ ಯೋಚಿಸುತ್ತದೆ. ಮೊದಲ ಸುತ್ತಿನಲ್ಲಿ ಒಂದೇ ಗಾಡಿಯಲ್ಲಿ ಎಲ್ಲೆಲ್ಲಿಗೆ ಎಷ್ಟು ಬೇಗ ತಲುಪಬಹುದೋ ಗುರುತು ಮಾಡಿಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಆ ಜಾಗಗಳಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಿದರೆ ಏನಾಗುತ್ತದೆಂದು ನೋಡುತ್ತದೆ. ಮೂರನೆಯದರಲ್ಲಿ ಮೂರು ಗಾಡಿ. ಲಂಡನ್ನಿನ ಸುಮಾರು 20 ಸಾವಿರ ನಿಲ್ದಾಣಗಳ ಜಾಲದಲ್ಲಿ ಈ ಕೆಲಸ ಮುಗಿಯಲು ಕೆಲವೇ ಮಿಲಿಸೆಕೆಂಡು ಸಾಕು.

ವೇಗ ಸರಿ, ವಿವೇಕದ ಮಾತೇನು? ಎರಡು ಗಾಡಿ ಹತ್ತಿದರೆ 50 ನಿಮಿಷ, ನಾಲ್ಕು ಗಾಡಿ ಹತ್ತಿದರೆ 48 ನಿಮಿಷ ಎಂದಿರಲಿ. ಬೇಗ ತಲುಪುವುದೊಂದೇ ಗುರಿ ಎಂದುಕೊಂಡ ಯಂತ್ರ ಕಣ್ಣುಮುಚ್ಚಿ 48ನ್ನು ಆರಿಸುತ್ತದೆ. ಎರಡು ಚೀಲ, ಒಂದು ಮಗು, ಮೇಲೆ ಸಣ್ಣ ಮಳೆ ಇದ್ದವರಿಗೆ ಆ ಎರಡು ನಿಮಿಷ ಎಷ್ಟು ದುಬಾರಿ ಎಂದು ಅದಕ್ಕೆ ಹೇಳಿದವರಿಲ್ಲ. ಜಾಣ ಆ್ಯಪುಗಳು ಎರಡೂ ಉತ್ತರಗಳನ್ನು ಮುಂದಿಡುತ್ತವೆ, ಅಥವಾ ಒಂದೊಂದು ಬದಲಾವಣೆಗೂ ಇಷ್ಟು ನಿಮಿಷ ದಂಡ ಎಂದು ಗುಟ್ಟಾಗಿ ಕೂಡಿಕೊಳ್ಳುತ್ತವೆ. ಆ ದಂಡ ಎಷ್ಟಿರಬೇಕು ಎಂಬುದು ಗಣಿತದಿಂದ ಹೊರಡುವುದಿಲ್ಲ. ಎಲ್ಲೋ ಕೂತ ಯಾರೋ ಒಬ್ಬರು ಇಟ್ಟ ಅಂಕಿ ಅದು, ಮೊಣಕಾಲು ನೋವಿನವರಿಗೂ ಕಾಲೇಜು ಹುಡುಗರಿಗೂ ಒಂದೇ.

ನಡಿಗೆಯ ವಿಷಯದಲ್ಲಿ ಯಂತ್ರ ಇನ್ನಷ್ಟು ಧಾರಾಳಿ. ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದು ದೂರ ಅಳೆಯುವ ವ್ಯವಸ್ಥೆಯಾದರೆ ನಡುವಿನ ರೈಲು ಹಳಿ, ರಾಜಕಾಲುವೆ, ದಾಟಲಾಗದ ಹೆದ್ದಾರಿ ಯಾವುದೂ ಅದರ ಲೆಕ್ಕಕ್ಕಿಲ್ಲ. ಹೊರವರ್ತುಲ ರಸ್ತೆಯ ಎರಡು ಬದಿಯ ನಿಲ್ದಾಣಗಳು ಅಕ್ಷಾಂಶದಲ್ಲಿ ಪಕ್ಕಪಕ್ಕದವು. ಮೇಲ್ಸೇತುವೆ ಹುಡುಕಿ ಹತ್ತಿಳಿಯುವವರಿಗೆ ಬೇರೆ ಬೇರೆ ಊರುಗಳೇ. ಉಲ್ಟಾ ತಮಾಷೆಗೆ ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನೋಡಬೇಕು. ಈ ಎರಡು ಸುರಂಗ ರೈಲು ನಿಲ್ದಾಣಗಳ ನಡುವೆ ಮುನ್ನೂರು ಮೀಟರೂ ಇಲ್ಲ. ನಕ್ಷೆಯಲ್ಲಿ ಮಾತ್ರ ಬೇರೆ ನಿಲ್ದಾಣಗಳಷ್ಟೇ ಅಂತರ. ಪ್ರವಾಸಿಗರು ಲಿಫ್ಟಿಗೆ ಕಾದು, ರೈಲಿಗೆ ಕಾದು, ಮೇಲೆ ಬರುವಷ್ಟರಲ್ಲಿ ನಡೆದು ಹೋದವರು ಚಹಾ ಕುಡಿದು ಮುಗಿಸಿರುತ್ತಾರೆ.

ಹೆಸರುಗಳದು ಮತ್ತೊಂದು ಪುರಾಣ. ಜನ ಮೆಜೆಸ್ಟಿಕ್ ಅನ್ನುವುದು ಅಲ್ಲಿದ್ದ ಟಾಕೀಸಿನ ನೆನಪಿಗೆ. ಬಸ್ ನಿಲ್ದಾಣದ ಹೆಸರು ಕೆಂಪೇಗೌಡ, ಮೆಟ್ರೋದ್ದು ನಾಡಪ್ರಭು ಕೆಂಪೇಗೌಡ. ಎದುರಿನ ರೈಲು ನಿಲ್ದಾಣ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನದು, ಟಿಕೆಟ್ಟಿನಲ್ಲಿ ಎಸ್‌ಬಿಸಿ. ಕೆಂಪೇಗೌಡ ಎಂದು ಟೈಪಿಸಿದವರನ್ನು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೂ ಕಳಿಸಬಹುದು, ಅದೂ ಕೆಂಪೇಗೌಡರ ಹೆಸರಿನದೇ. ಹೆಬ್ಬಾಳ ಬೆಂಗಳೂರಿನಲ್ಲೂ ಇದೆ, ಮೈಸೂರಿನಲ್ಲೂ ಇದೆ. ವಿಜಯನಗರ, ಜಯನಗರಗಳ ಕತೆಯೂ ಅದೇ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದಾದ್ದರಿಂದ ಒಂದು ಅಕ್ಷರ ಆಚೀಚೆಯಾದರೂ ಯಂತ್ರಕ್ಕೆ ಅದು ಬೇರೆಯೇ ಊರು.

ಇಷ್ಟೆಲ್ಲ ಸರಿಮಾಡಿದರೂ ಮೂಲದ ಒಂದು ನಂಬಿಕೆ ಉಳಿಯುತ್ತದೆ: ಬಸ್ಸು ಪಟ್ಟಿಯಲ್ಲಿರುವಂತೆ ಬರುತ್ತದೆ ಎಂಬುದು. ಬಸ್ಸುಗಳಿಗೋ ಹಿಂಡು ಕಟ್ಟುವ ಸ್ವಭಾವ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500-ಡಿಗೆ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ. ಎಷ್ಟು ಹೊತ್ತಾದರೂ ಒಂದೂ ಇಲ್ಲ, ಬಂದರೆ ಎರಡೆರಡು. ಗಾರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರೀ ಪಾಟ್ಸ್ 1964ರಲ್ಲೇ ಇದರ ಗಣಿತ ಬಿಡಿಸಿದ್ದರು. ಒಂದು ಬಸ್ಸು ಕೊಂಚ ತಡವಾದರೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಸೇರಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಇನ್ನೂ ತಡ. ಹಿಂದಿನ ಬಸ್ಸಿಗೆ ಜನವೇ ಇಲ್ಲದೆ ಅದು ಓಡೋಡಿ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಟ್ರಾಫಿಕ್ ಬೇಕಿಲ್ಲ, ಡ್ರೈವರನ ಸೋಮಾರಿತನವೂ ಬೇಕಿಲ್ಲ. ಜಿಪಿಎಸ್ ಬಂದ ಮೇಲೆ ಗಾಡಿ ಈಗ ಎಲ್ಲಿದೆ ಎಂದು ತಿಳಿಯಬಹುದು. ಆದರೆ ಅರ್ಧ ಗಂಟೆಯ ನಂತರ ಮೆಜೆಸ್ಟಿಕ್‌ನಲ್ಲಿ ಹತ್ತಬೇಕಾದ ಎರಡನೇ ಬಸ್ಸಿನ ವಿಷಯದಲ್ಲಿ ಯಂತ್ರ ಹೇಳುವುದು ಆಗಲೂ ಊಹೆಯೇ, 10:42 ಎಂದು ನಿಮಿಷ ಹಿಡಿದು ಹೇಳುವ ಊಹೆ.

ಹಾಗೆಂದು ಮನುಷ್ಯರ ಲೆಕ್ಕ ಬಹಳ ಗಟ್ಟಿ ಎಂದೂ ಅಲ್ಲ. 2014ರ ಫೆಬ್ರವರಿಯಲ್ಲಿ ಲಂಡನ್ನಿನ ಸುರಂಗ ರೈಲು ನೌಕರರು ಎರಡು ದಿನ ಮುಷ್ಕರ ಹೂಡಿ ಹಲವು ನಿಲ್ದಾಣಗಳು ಮುಚ್ಚಿದವು. ಬೇರೆ ದಾರಿ ಹಿಡಿಯಬೇಕಾದ ಪ್ರಯಾಣಿಕರಲ್ಲಿ ಸುಮಾರು ನೂರಕ್ಕೆ ಐದು ಜನ ಮುಷ್ಕರ ಮುಗಿದ ಮೇಲೂ ಹಳೆಯ ದಾರಿಗೆ ಮರಳಲಿಲ್ಲ ಎಂದು ಅರ್ಥಶಾಸ್ತ್ರಜ್ಞರು ಟಿಕೆಟ್ ಕಾರ್ಡುಗಳ ದಾಖಲೆಯಿಂದ ಕಂಡುಕೊಂಡರು. ದಿನವೂ ಓಡಾಡುವವರಿಗೂ ಇನ್ನೂ ಒಳ್ಳೆಯ ದಾರಿ ಇದ್ದದ್ದು ಗೊತ್ತಿರಲಿಲ್ಲ.

ಕಂಡಕ್ಟರನ ಮಾತಿಗೆ ಮರಳಿದರೆ, 'ಯಾವ್ದು ಬಂದ್ರೂ ಹತ್ಕೊಳಿ' ಎಂಬುದಕ್ಕೂ ಒಂದು ಗಣಿತವಿದೆ. 1989ರಲ್ಲಿ ಹೈನ್ಸ್ ಸ್ಪೀಸ್ ಮತ್ತು ಮೈಕೇಲ್ ಫ್ಲೋರಿಯನ್ ಅದನ್ನು ಪ್ರಕಟಿಸಿದರು. ಪ್ರಯಾಣಿಕನಿಗೆ ಬೇಕಾದ್ದು ಒಂದು ಹಾದಿಗಿಂತ ಹೆಚ್ಚಾಗಿ ಒಂದು ತಂತ್ರ ಎಂಬುದು ಅವರ ನಿಲುವು: ಯಾವ ಯಾವ ರೂಟುಗಳನ್ನು ಒಪ್ಪಬೇಕು ಎಂದು ಮೊದಲೇ ತೀರ್ಮಾನಿಸಿ, ಅವುಗಳಲ್ಲಿ ಮೊದಲು ಬಂದದ್ದನ್ನು ಹತ್ತುವುದು. ಗಂಟೆಗೆ ನಾಲ್ಕು ಬಾರಿ ಬರುವ, 30 ನಿಮಿಷದಲ್ಲಿ ತಲುಪಿಸುವ ವೇಗದ ಬಸ್ಸು ಒಂದಿದೆ ಎನ್ನೋಣ. ಸಮ ಅಂತರದಲ್ಲಿ ಬಂದರೆ ಅದಕ್ಕೆ ಸರಾಸರಿ ಕಾಯುವಿಕೆ ಏಳೂವರೆ ನಿಮಿಷ. ಮನಸ್ಸಿಗೆ ತೋಚಿದಂತೆ ಬಂದರೆ 15. ಅಂದರೆ ಒಟ್ಟು 45 ನಿಮಿಷ. ಅಷ್ಟರಲ್ಲಿ ಊರೆಲ್ಲ ಸುತ್ತಿ 40 ನಿಮಿಷ ತೆಗೆದುಕೊಳ್ಳುವ ಬಸ್ಸು ಎದುರು ಬಂದು ನಿಂತರೆ ಹತ್ತಬೇಕು. 50 ನಿಮಿಷದ್ದಾದರೆ ಬಿಡಬೇಕು. ಒಪ್ಪಬಹುದಾದ ರೂಟು ಗಂಟೆಗೆ ನಾಲ್ಕರಂತೆ ಮೂರಿದ್ದರೆ ಸರಾಸರಿ ಐದು ನಿಮಿಷಕ್ಕೊಂದು ಗಾಡಿ ಸಿಕ್ಕಂತೆ.

ನಗರದ ಸಾರಿಗೆ ಯೋಜನೆ ಮಾಡುವವರ ತಂತ್ರಾಂಶಗಳಲ್ಲಿ ಈ ಲೆಕ್ಕ ದಶಕಗಳಿಂದ ಬಳಕೆಯಲ್ಲಿದೆ. ಕೈಯಲ್ಲಿರುವ ಮೊಬೈಲು ಮಾತ್ರ ಸಾಮಾನ್ಯವಾಗಿ ಒಂದು ಬಸ್ಸಿನ ನಂಬರು, ಒಂದು ನಿಮಿಷ ತೋರಿಸಿ ಸುಮ್ಮನಾಗುತ್ತದೆ. ಮಾಗಡಿ ರಸ್ತೆಯ ಎರಡು ಗಾಡಿ ಅಷ್ಟರಲ್ಲಿ ಮುಂದೆ ಹೋಗಿರುತ್ತವೆ.