ಚಳ್ಳಕೆರೆಯ ಬಯಲಿನಲ್ಲಿ ವಿಜ್ಞಾನ: ಪಡೆದದ್ದೇನು, ಕಳೆದದ್ದೇನು?

ಕರಾವಳಿಯವರಾದ ನಮಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಅಷ್ಟಾಗಿ ಪರಿಚಿತವಲ್ಲ. ಮೊಳಕಾಲ್ಮೂರು ಎಂದೊಡನೆ ರೇಷ್ಮೆ ಸೀರೆ, ಬ್ರಹ್ಮಗಿರಿಯ ಅಶೋಕನ ಶಾಸನಗಳು ನೆನಪಾಗುತ್ತವೆ. ಚಳ್ಳಕೆರೆ ಎಂದರೆ ಶೇಂಗಾ, ಎಣ್ಣೆ ಗಿರಣಿ, ಕಂಬಳಿ. ಆದರೆ ಇತ್ತೀಚಿನ ವರ್ಷಗಳಲ್ಲಿ ಚಳ್ಳಕೆರೆಯ ಹೆಸರು 'ವಿಜ್ಞಾನ ನಗರಿ' ಎಂದು ಪತ್ರಿಕೆಗಳಲ್ಲಿ ಬರುತ್ತಿದೆ. ಅಲ್ಲಿ ನಡೆಯುತ್ತಿರುವುದೇನು, ನಮ್ಮ ಮಕ್ಕಳಿಗೂ ಶಿಕ್ಷಕರಿಗೂ ಅದರಿಂದ ಏನು ಪ್ರಯೋಜನ, ಅದಕ್ಕಾಗಿ ಅಲ್ಲಿನ ಜನರು ತೆತ್ತ ಬೆಲೆ ಏನು ಎಂಬುದನ್ನು ಸಂಕ್ಷಿಪ್ತವಾಗಿ ತಿಳಿಯೋಣ.

ಈ ಬಯಲೇ ಏಕೆ?

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಪಶ್ಚಿಮ ಘಟ್ಟವು ಮೋಡಗಳನ್ನು ತಡೆಯುವುದರಿಂದ ಚಳ್ಳಕೆರೆಗೆ ದೊರೆಯುವುದು ಸುಮಾರು 500 ಮಿ.ಮೀ. ಮಾತ್ರ. ವಿಶಾಲವಾದ ಸಮತಟ್ಟು ಭೂಮಿ, ವಿರಳ ಜನವಸತಿ, ಹೆಚ್ಚು ದಿನ ಬಿಸಿಲು. ಬೇಸಾಯಕ್ಕೆ ಕಷ್ಟವಾದ ಈ ಗುಣಗಳೇ ವಿಮಾನ ಪರೀಕ್ಷೆಗೂ ವಾತಾವರಣದ ಅಧ್ಯಯನಕ್ಕೂ ಅನುಕೂಲವಾದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾದಾಗ ಮೈಸೂರು ಅರಸರು ನೀಡಿದ್ದು 371 ಎಕರೆ. ನೂರು ವರ್ಷಗಳ ನಂತರ ಅದೇ ಸಂಸ್ಥೆಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಎರಡನೆಯ ಆವರಣಕ್ಕಾಗಿ ಸುಮಾರು 1,500 ಎಕರೆ ದೊರೆಯಿತು. ರಕ್ಷಣಾ ಸಂಶೋಧನಾ ಸಂಸ್ಥೆ (ಡಿಆರ್‌ಡಿಓ), ಇಸ್ರೋ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೂ ಇದೇ ತಾಲ್ಲೂಕಿನಲ್ಲಿ ಭೂಮಿ ನೀಡಲಾಯಿತು.

ಶಿಕ್ಷಕರಿಗೇ ಪಾಠ

ನಮ್ಮ ಶಾಲೆಗಳ ದೃಷ್ಟಿಯಿಂದ ಕುದಾಪುರದ ಮುಖ್ಯ ಕೆಲಸ ಶಿಕ್ಷಕರ ತರಬೇತಿ. ಅಲ್ಲಿನ ಪ್ರತಿಭಾ ವಿಕಸನ ಕೇಂದ್ರದಲ್ಲಿ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿಜ್ಞಾನ ಹಾಗೂ ಗಣಿತ ಶಿಕ್ಷಕರು ಕೆಲವು ದಿನ ವಾಸವಿದ್ದು, ಪ್ರಯೋಗಾಲಯದಲ್ಲಿ ತಾವೇ ಪ್ರಯೋಗಗಳನ್ನು ಮಾಡಿ ಕಲಿಯುತ್ತಾರೆ. ವಿಶ್ವವಿದ್ಯಾಲಯ ಮಟ್ಟದ ಸಂಶೋಧಕರು ಹಳ್ಳಿ ಶಾಲೆಯ ಮೇಷ್ಟ್ರಿಗೆ ಪಾಠ ಹೇಳುವ ಇಂತಹ ವ್ಯವಸ್ಥೆ ನಮ್ಮಲ್ಲಿ ಅಪರೂಪ.

ಇದರ ಅಗತ್ಯವೇನು? ಒಂದು ಉದಾಹರಣೆ ನೋಡೋಣ. ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಒಂದು ಮೀಟರ್ ಉದ್ದದ ದಾರಕ್ಕೆ ಚಿಕ್ಕ ಕಲ್ಲು ಕಟ್ಟಿ ಮೆಲ್ಲನೆ ತೂಗಿಬಿಟ್ಟರೆ, ಅದು ಹೋಗಿ ಮರಳಲು ಸರಿಸುಮಾರು ಎರಡು ಸೆಕೆಂಡು ಹಿಡಿಯುತ್ತದೆ. ಇಪ್ಪತ್ತು ತೂಗಾಟಗಳ ಸಮಯ ಅಳೆದು ಇಪ್ಪತ್ತರಿಂದ ಭಾಗಿಸಿ, ಸೂತ್ರಕ್ಕೆ ಹಾಕಿದರೆ 9.8ರ ಆಸುಪಾಸಿನ ಅಂಕಿ ತಾನಾಗಿಯೇ ಬರುತ್ತದೆ. ಖರ್ಚು ಏನೂ ಇಲ್ಲ. ಕಲ್ಲು ದೊಡ್ಡದಾದರೆ ಸಮಯ ಬದಲಾಗುತ್ತದೆಯೇ ಎಂದು ಒಬ್ಬ ಹುಡುಗಿ ಕೇಳಿದರೆ, ವಿಜ್ಞಾನ ಆರಂಭವಾಯಿತು ಎಂದೇ ಅರ್ಥ. ಆ ಪ್ರಶ್ನೆಗೆ ಹೆದರದ ಶಿಕ್ಷಕರು ಬೇಕು.

ಗಾಳಿಯ ಅಳತೆ, ಆಕಾಶದ ಪರೀಕ್ಷೆ

ಕುದಾಪುರ ಆವರಣದಲ್ಲಿ ಹವಾಮಾನ ವೀಕ್ಷಣಾಲಯವೂ ಇದೆ. ಗಾಳಿಯಲ್ಲಿ ತೇಲುವ ಧೂಳು, ಮಸಿ ಮುಂತಾದ ಸೂಕ್ಷ್ಮ ಕಣಗಳನ್ನು ಅಲ್ಲಿ ಅಳೆಯುತ್ತಾರೆ. ಮಸಿಯ ಕಣ ಸೂರ್ಯನ ಶಾಖವನ್ನು ಹೀರಿ ಗಾಳಿಯನ್ನು ಬಿಸಿ ಮಾಡುತ್ತದೆ. ಇನ್ನು ಕೆಲವು ಕಣಗಳು ಬೆಳಕನ್ನು ಚದುರಿಸಿ ನೆಲವನ್ನು ತಂಪಾಗಿಸುತ್ತವೆ. ನಗರದೊಳಗೆ ಅಳೆದರೆ ಅಲ್ಲಿನ ವಾಹನಗಳ ಹೊಗೆಯೇ ಲೆಕ್ಕಕ್ಕೆ ಸಿಗುತ್ತದೆ. ದೂರದ ಬಯಲಿನಲ್ಲಿ ಅಳೆದರೆ ಇಡೀ ಪ್ರದೇಶದ ಗಾಳಿಯ ಸ್ಥಿತಿ ತಿಳಿಯುತ್ತದೆ. ಮಳೆಗಾಲವನ್ನೇ ನಂಬಿರುವ ಕರಾವಳಿಯ ರೈತರಿಗೂ ಮೀನುಗಾರರಿಗೂ ಇದು ಹೊರಗಿನ ವಿಷಯವಲ್ಲ.

ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಮರುಬಳಕೆಯ ಉಡಾವಣಾ ವಾಹನವನ್ನು ಇಸ್ರೋ ಇಲ್ಲಿಯೇ ಮೂರು ಬಾರಿ ಇಳಿಸಿ ನೋಡಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟ 'ಪುಷ್ಪಕ್' ತಾನೇ ದಾರಿ ಸರಿಪಡಿಸಿಕೊಂಡು ರನ್‌ವೇಗೆ ಇಳಿಯಿತು. ಮೂರನೆಯ ಪರೀಕ್ಷೆಯಲ್ಲಿ ಅದು ನೆಲ ಮುಟ್ಟಿದ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು, ಪ್ರಯಾಣಿಕ ವಿಮಾನದ್ದು ಸುಮಾರು 260. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ತೂಕ ಒಂದೇ ಆಗಿದ್ದರೂ ಬ್ರೇಕು ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟು. ಆದ್ದರಿಂದಲೇ ಮೊದಲು ಪ್ಯಾರಾಚೂಟ್ ಬಿಚ್ಚಿ ವೇಗವನ್ನು 100ರ ಹತ್ತಿರಕ್ಕೆ ತಂದರು. ಪಿಯುಸಿ ಪಾಠದ ಸೂತ್ರ ಹೀಗೆ ಕಣ್ಣೆದುರು ಕೆಲಸ ಮಾಡುತ್ತದೆ.

ಕಾವಲಿನ ಪ್ರಶ್ನೆ

ಆದರೆ ಈ ಭೂಮಿ ಬರಿದಾದ ಬೀಳು ನೆಲವಾಗಿರಲಿಲ್ಲ. ಇದು ಅಮೃತಮಹಲ್ ಕಾವಲು. ಮೈಸೂರು ಅರಸರ ಸೈನ್ಯದ ಬಂಡಿಗಳನ್ನು ಎಳೆದ ಹೆಸರಾಂತ ಎತ್ತುಗಳ ತಳಿ ಮೇಯುತ್ತಿದ್ದ ಹುಲ್ಲುಗಾವಲು. ಸುತ್ತಲಿನ ಹಳ್ಳಿಗಳ ಕುರಿಗಾರರಿಗೂ ಕಂಬಳಿ ನೇಕಾರರಿಗೂ ಅದೇ ಆಧಾರ. ಕೃಷ್ಣಮೃಗಗಳಿಗೂ ಅದೇ ನೆಲೆ. ಸರ್ಕಾರದ ಕಡತದಲ್ಲಿ ಅದು ಸರ್ಕಾರಿ ಭೂಮಿ, ಹಳ್ಳಿಯವರ ಬದುಕಿನಲ್ಲಿ ಅದು ಊರ ಗೋಮಾಳ. ಬೇಲಿ ಬಂದಾಗ ಮಂದೆಯ ದಾರಿ ಮುಚ್ಚಿತು. ಗ್ರಾಮಸ್ಥರು ಪ್ರತಿಭಟಿಸಿದರು; ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ವಿಜ್ಞಾನ ಬೇಡ ಎಂದು ಆ ಹಳ್ಳಿಗರು ಹೇಳಿದರೆಂದು ಭಾವಿಸುವುದು ಸರಿಯಲ್ಲ. ತಮ್ಮನ್ನು ಕೇಳಲಿಲ್ಲ ಎಂಬುದೇ ಅವರ ದೂರು. ಕುರಿ ಮಾರಿದ ಮನೆಯ ಹುಡುಗ ಬೇಲಿಯ ಹೊರಗೆ ಕಾವಲುಗಾರನಾಗಿ ಮಾತ್ರ ನಿಲ್ಲುವಂತಾದರೆ, ಬೇಲಿಯೊಳಗಿನ ಸಾಧನೆ ಎಷ್ಟೇ ದೊಡ್ಡದಾದರೂ ಲೆಕ್ಕ ಸರಿಹೋಗುವುದಿಲ್ಲ. ಆ ಹುಡುಗ ಪ್ರಯೋಗಾಲಯದ ಒಳಗೆ ಹೋಗಬೇಕಾದರೆ ಚಳ್ಳಕೆರೆ, ಮೊಳಕಾಲ್ಮೂರಿನ ಕನ್ನಡ ಶಾಲೆಗಳಲ್ಲಿ ಒಳ್ಳೆಯ ವಿಜ್ಞಾನ ಪಾಠ ನಡೆಯಬೇಕು. ಆದ್ದರಿಂದ ಕುದಾಪುರದ ಶಿಕ್ಷಕ ತರಬೇತಿಯು ಆ ನೆಲದ ಋಣ ತೀರಿಸುವ ದಾರಿಗಳಲ್ಲಿ ಒಂದು ಎಂದು ನಾವು ತಿಳಿಯುತ್ತೇವೆ.

ನಮ್ಮ ಧರ್ಮಕೇಂದ್ರಗಳ ಶಾಲೆಗಳಲ್ಲಿಯೂ ವಿಜ್ಞಾನ ಶಿಕ್ಷಕರಿದ್ದಾರೆ. ಇಂತಹ ತರಬೇತಿಗಳ ವಿಚಾರವನ್ನು ಮುಖ್ಯೋಪಾಧ್ಯಾಯರು ಗಮನದಲ್ಲಿಡಲಿ, ಹೋಗಬಯಸುವ ಶಿಕ್ಷಕರಿಗೆ ಆಡಳಿತ ಮಂಡಳಿಗಳು ರಜೆ ನೀಡಿ ಕಳುಹಿಸಲಿ. ಹೋಗಿ ಬಂದವರು ಪ್ರಯೋಗಗಳ ಜೊತೆಗೆ ಆ ಕಾವಲಿನ ಕಥೆಯನ್ನೂ ಮಕ್ಕಳಿಗೆ ಹೇಳಲಿ.