ಕಂಬಳಿಹುಳುವಿನ ದಾರ, ಹವಳದ ಲೆಕ್ಕ

ಉಲ್ಲನ್ ಅಂಗಡಿಯ ಮುಂದೆ ತಾಯಿ-ಮಗಳ ನಡುವೆ ನಡೆಯುವ ವಾದ ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಒಂದೇ. ಶಾಲೆಯ ಕ್ರಾಫ್ಟ್ ಪೀರಿಯಡ್ಡಿಗೆಂದು ದಾರ ಕೊಳ್ಳಲು ಬಂದ ಮಗಳ ಕೈ ನೇರವಾಗಿ ಹೋಗುವುದು ಮೈತುಂಬ ರೋಮವಿರುವ, ಮುಟ್ಟಿದರೆ ಬೆಕ್ಕಿನ ಮರಿಯಂತೆ ಮೆತ್ತಗಿರುವ ಉಂಡೆಯ ಮೇಲೆ. 'ಅದು ಬೇಡ ಪುಟ್ಟಿ, ಸಾದಾ ದಾರ ತಗೋ. ಅದರಲ್ಲಿ ಹೆಣಿಕೆಯೇ ಕಾಣೋಲ್ಲ' ಎನ್ನುತ್ತಾಳೆ ತಾಯಿ. 'ಸಾದಾ ದಾರದಲ್ಲಿ ಏನಮ್ಮಾ ಚೆಂದ?' ಎಂದು ಮಗಳ ಮುಖ ಊದುತ್ತದೆ. ತಮಾಷೆಯೆಂದರೆ ಇಬ್ಬರು ಹೇಳುವುದೂ ನಿಜ. ಸಾದಾ ದಾರವೋ, ಒರಟು ದಾರವೋ ಎಂಬ ಈ ಪ್ರಶ್ನೆ ಗಣಿತದ ತರಗತಿಯೊಂದನ್ನು ಹಾದು ಸಮುದ್ರದ ಹವಳದ ದಿಬ್ಬಗಳವರೆಗೂ ಹೋಗಿದೆ.

ಮೊದಲು ದಾರದ ಸಂಗತಿ ನೋಡೋಣ. ಸಾದಾ ಉಲ್ಲನ್ ದಾರವೆಂದರೆ ಎರಡು ಮೂರು ಎಳೆಗಳನ್ನು ಸಮನಾಗಿ ಹುರಿಮಾಡಿದ್ದು. ಆ ಸಮತೆಯನ್ನು ಬೇಕೆಂದೇ ಕೆಡಿಸಿದರೆ ವಿಶೇಷ ದಾರ ಹುಟ್ಟುತ್ತದೆ. ನಡುವಿನ ಎಳೆಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಎಳೆಯನ್ನು ಅದಕ್ಕಿಂತ ಬೇಗ ಬೇಗ ಬಿಟ್ಟರೆ ಹೆಚ್ಚಾದ ಎಳೆ ಅಲ್ಲಲ್ಲಿ ಗುಂಗುರಾಗಿ ಎದ್ದು ನಿಲ್ಲುತ್ತದೆ. ಅದು ಜಾರದಂತೆ ಮೂರನೆಯ ಸಣ್ಣ ಎಳೆಯೊಂದು ಸುತ್ತಿ ಕಟ್ಟುತ್ತದೆ. ಇದೇ ಬೂಕ್ಲೆ. ಎಳೆ ಒಂದೆಡೆ ದಪ್ಪ, ಒಂದೆಡೆ ತೆಳುವಾಗುವಂತೆ ನೂತರೆ ಅದು ಸ್ಲಬ್. ಎರಡು ಎಳೆಗಳ ನಡುವೆ ಚಿಕ್ಕ ಚಿಕ್ಕ ನಾರಿನ ತುಂಡುಗಳನ್ನು ಅಡ್ಡಲಾಗಿ ಸಿಕ್ಕಿಸಿ ಹುರಿ ಮಾಡಿದರೆ ಸುತ್ತಲೂ ರೋಮ ನಿಮಿರಿದ ಚೆನೀಲ್. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಕಂಬಳಿಹುಳು ಎಂದೇ ಅರ್ಥ. ನಾವು ಕಂಬಳಿಯನ್ನು ನೋಡಿ ಹುಳುವಿಗೆ ಹೆಸರಿಟ್ಟೆವು, ಅವರು ಹುಳುವನ್ನು ನೋಡಿ ದಾರಕ್ಕೆ ಹೆಸರಿಟ್ಟರು!

ಇಂಥ ದಾರದಲ್ಲಿ ಹೆಣೆಯುವಾಗ ಕಣ್ಣಿಗಿಂತ ಬೆರಳೇ ಹೆಚ್ಚು ನೋಡಬೇಕು. ಕುಣಿಕೆ ಎಲ್ಲಿದೆಯೆಂದು ತಡವಿ ತಿಳಿಯಬೇಕು. ಬೂಕ್ಲೆಯ ಗುಂಗುರಿಗೆ ಕ್ರೋಶಾ ಕಡ್ಡಿಯ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ತಪ್ಪಾಯಿತೆಂದು ಬಿಚ್ಚಲು ಹೋದರೆ ರೋಮಕ್ಕೆ ರೋಮ ಹೆಣೆದುಕೊಂಡು ಜಪ್ಪಯ್ಯ ಎಂದರೂ ಬರುವುದಿಲ್ಲ. ಆದ್ದರಿಂದ ಹೊಸಬರು ತಿಳಿಬಣ್ಣದ ದಾರ, ದಪ್ಪ ಕಡ್ಡಿ ಮತ್ತು ತೀರಾ ಸರಳವಾದ ಹೆಣಿಗೆಯನ್ನು ಆರಿಸಿಕೊಳ್ಳುವುದು ಲೇಸು. ಜಡೆಯ ವಿನ್ಯಾಸ, ಎಲೆಯ ವಿನ್ಯಾಸವೆಂದು ಕಷ್ಟಪಟ್ಟು ಹಾಕಿದರೂ ರೋಮದ ಅಡಿಯಲ್ಲಿ ಅದನ್ನು ಕಾಣುವವರಾರು? ಒಂದು ಸಮಾಧಾನವೂ ಉಂಟು. ವಿನ್ಯಾಸ ಮುಚ್ಚಿಹೋಗುವಂತೆ ಸಣ್ಣಪುಟ್ಟ ತಪ್ಪುಗಳೂ ಮುಚ್ಚಿಹೋಗುತ್ತವೆ.

ಹರಿದ ಕಾಗದ, ಹರಿಯದ ಉಲ್ಲನ್

ತಾಯಿಯ ಪಕ್ಷ ವಹಿಸಬಹುದಾದ ಗಣಿತಜ್ಞೆಯೊಬ್ಬರಿದ್ದಾರೆ. ಹೆಸರು ಡೈನಾ ಟೈಮಿನಾ. ಲಾಟ್ವಿಯಾ ದೇಶದವರು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಯೂಕ್ಲಿಡನ ರೇಖಾಗಣಿತವನ್ನು ಪ್ರೌಢಶಾಲೆಯ ಮಕ್ಕಳೆಲ್ಲ ಬಲ್ಲರು: ಒಂದು ಸರಳರೇಖೆಯ ಹೊರಗಿನ ಬಿಂದುವಿನ ಮೂಲಕ ಅದಕ್ಕೆ ಒಂದೇ ಒಂದು ಸಮಾಂತರ ರೇಖೆ ಎಳೆಯಬಹುದು, ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ. ಆದರೆ 19ನೇ ಶತಮಾನದ ಆರಂಭದಲ್ಲಿ ರಷ್ಯದ ಲೊಬಚೆವ್ಸ್ಕಿ ಮತ್ತು ಹಂಗೇರಿಯ ಬೋಲ್ಯಾಯ್ ಬೇರೆಬೇರೆಯಾಗಿಯೇ ಇನ್ನೊಂದು ಬಗೆಯ ರೇಖಾಗಣಿತವನ್ನು ಕಂಡರು. ಅಲ್ಲಿ ಅದೇ ಬಿಂದುವಿನ ಮೂಲಕ ಎಷ್ಟು ಬೇಕಾದರೂ ಸಮಾಂತರ ರೇಖೆಗಳು ಹೋಗುತ್ತವೆ. ತ್ರಿಕೋನದ ಕೋನಗಳು ಸೇರಿದರೂ 180 ಮುಟ್ಟುವುದಿಲ್ಲ. ಇದಕ್ಕೆ ಹೈಪರ್ಬೋಲಿಕ್ ರೇಖಾಗಣಿತವೆಂದು ಹೆಸರು. ಕರಿಹಲಗೆಯ ಮೇಲೆ ಸೂತ್ರ ಬರೆಯಬಹುದು, ಆದರೆ ಆ ಮೈಯನ್ನು ಕೈಯಲ್ಲಿ ಹಿಡಿದು ನೋಡುವುದು ಹೇಗೆ? ಕಾಗದದ ಪಟ್ಟಿಗಳನ್ನು ಅಂಟಿಸಿ ಮಾಡಿದ ಮಾದರಿಗಳು ಬಲು ಬೇಗ ಹರಿದುಹೋಗುತ್ತಿದ್ದವು.

1997ರಲ್ಲಿ ಅಂಥ ಕಾಗದದ ಮಾದರಿಯನ್ನು ಕಂಡ ಟೈಮಿನಾ, ಇದನ್ನೇಕೆ ದಾರದಲ್ಲಿ ಮಾಡಬಾರದು ಎಂದುಕೊಂಡರು. ಮೊದಲು ಎರಡು ಕಡ್ಡಿಯ ಹೆಣಿಗೆಯಲ್ಲಿ ಪ್ರಯತ್ನಿಸಿದರು. ಸಾಲು ಬೆಳೆದಂತೆ ಕಡ್ಡಿಯ ತುಂಬ ಕುಣಿಕೆಗಳು ಕಿಕ್ಕಿರಿದು ಹಿಡಿಯುವುದೇ ಕಷ್ಟವಾಯಿತು. ಕ್ರೋಶಾದಲ್ಲಾದರೆ ಕಡ್ಡಿಯ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಬಾಲ್ಯದಲ್ಲಿ ಕಲಿತ ಕೈಕೆಲಸ ಪ್ರಾಧ್ಯಾಪಕಿಯ ನೆರವಿಗೆ ಬಂತು.

ಇದರ ಗುಟ್ಟು ಅಜ್ಜಿಯರಿಗೂ ಗೊತ್ತಿದ್ದದ್ದೇ. ದುಂಡಗೆ ಕ್ರೋಶಾ ಹಾಕುವಾಗ ಪ್ರತಿ ಸುತ್ತಿಗೂ ಆರಾರು ಹೆಣಿಕೆ ಹೆಚ್ಚಿಸಿದರೆ ಚಪ್ಪಟೆಯಾದ ತಟ್ಟೆ ಬರುತ್ತದೆ. ಹೆಚ್ಚಿಸದೆ ಬಿಟ್ಟರೆ ಅಂಚು ಮೇಲೆದ್ದು ಟೋಪಿಯಾಗುತ್ತದೆ. ಆರಕ್ಕಿಂತ ಹೆಚ್ಚಾಯಿತೋ, ಅಂಚಿಗೆ ಜಾಗ ಸಾಲದೆ ಲಂಗದ ಫ್ರಿಲ್ಲಿನಂತೆ ಅಲೆಯಲೆಯಾಗುತ್ತದೆ. ಟೈಮಿನಾ ಈ ಹೆಚ್ಚಳಕ್ಕೆ ಒಂದು ನಿಯಮ ಇಟ್ಟರು. ಉದಾಹರಣೆಗೆ, ಪ್ರತಿ ಐದನೆಯ ಹೆಣಿಕೆಯಲ್ಲಿ ಒಂದರ ಬದಲು ಎರಡು ಹಾಕಿ. 20 ಹೆಣಿಕೆಯಿಂದ ಹೊರಟರೆ ಮೊದಲ ಸಾಲಿಗೆ 24. ಹತ್ತು ಸಾಲು ಮುಗಿಯುವಾಗ ಸುಮಾರು 124. ಇಪ್ಪತ್ತನೆಯ ಸಾಲಿಗೆ 767ರ ಆಸುಪಾಸು! ಇದು ಬ್ಯಾಂಕಿನ ಚಕ್ರಬಡ್ಡಿಯ ಲೆಕ್ಕವೇ, ನೂರಕ್ಕೆ ಇಪ್ಪತ್ತರ ದರದ್ದು. ಸಾಲಗಾರನ ಎದೆ ಏಕೆ ಒಡೆಯುತ್ತದೆಂದು ಬೆರಳುಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲಿ ದಾರ ಸಾದಾ ಆಗಿರಲೇಬೇಕು. ಒಂದು ಹೆಣಿಕೆ ತಪ್ಪಿದರೂ ಲೆಕ್ಕ ಕೆಡುತ್ತದೆ, ರೋಮದ ದಾರದಲ್ಲಿ ಎಣಿಸುವುದು ಆಗದ ಮಾತು. ಹೆಣೆದ ಮೈಯನ್ನು ಮಡಿಸಿ, ಮಡಿಕೆಯ ಗುಂಟ ಬೇರೆ ಬಣ್ಣದ ದಾರ ಹೊಲಿದರೆ ಅದೇ ಸರಳರೇಖೆ. ಹೀಗೆ ಟೈಮಿನಾ ಸಮಾಂತರ ರೇಖೆಗಳ ವಿಚಿತ್ರವನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟರು. 2009ರಲ್ಲಿ ಈ ಕುರಿತು ಅವರು ಬರೆದ ಪುಸ್ತಕಕ್ಕೆ ವಿಚಿತ್ರ ಶೀರ್ಷಿಕೆಗಾಗಿ ಕೊಡುವ ತಮಾಷೆಯ ಬಹುಮಾನವೂ ಬಂತು, 2012ರಲ್ಲಿ ಗಣಿತದ ಆಯ್ಲರ್ ಪುಸ್ತಕ ಪ್ರಶಸ್ತಿಯೂ ಬಂತು.

ಮಗಳು ಗೆದ್ದ ಜಾಗ

ಮಗಳ ಪಕ್ಷದವರು ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಎಂಬ ಅವಳಿ ಸೋದರಿಯರು. ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ. ಅಲ್ಲಿನ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲು ಸೊರಗುತ್ತಿರುವುದು ಅವರ ಮನಸ್ಸನ್ನು ಕೊರೆಯುತ್ತಿತ್ತು. ಹವಳಕ್ಕೆ ಬಣ್ಣ, ಬಹುಪಾಲು ಆಹಾರ ಎರಡನ್ನೂ ಕೊಡುವುದು ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ. ನೀರಿನ ಬಿಸಿ ಹೆಚ್ಚಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬಹಳ ದಿನ ನಿಂತರೆ ಸಾಯುತ್ತದೆ. 1998ರಲ್ಲಿ, ಮತ್ತೆ 2016ರಲ್ಲಿ ನಮ್ಮ ಲಕ್ಷದ್ವೀಪದ ಹವಳಗಳೂ ಹೀಗೆ ಬಿಳಿಚಿದವು. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಮುಳುಗಿ ಬಂದವರು ಹವಳವೆಂದರೇನೆಂದು ಕಣ್ಣಾರೆ ಬಲ್ಲರು.

ಹವಳದ ಎಷ್ಟೋ ಜಾತಿಗಳ ಮೈ ಟೈಮಿನಾ ಹೆಣೆದ ಅದೇ ಅಲೆಯಲೆಯ ಮೈ. ನಮ್ಮ ಹಿತ್ತಲಿನ ಕೋಳಿಜುಟ್ಟಿನ ಹೂವಿನ ಅಂಚೂ ಅಂಥದೇ. 2005ರಲ್ಲಿ ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿ ಸೋದರಿಯರು ಕ್ರೋಶಾ ಹವಳ ಹಾಕತೊಡಗಿದಾಗ ನಿಯಮಬದ್ಧ ಹೆಣಿಗೆ ಅಚ್ಚುಕಟ್ಟಾಗಿ ಬಂತು, ಆದರೆ ಜೀವವಿರಲಿಲ್ಲ. ನಿಯಮವನ್ನು ಸ್ವಲ್ಪ ಸಡಿಲಿಸಿ, ಒಮ್ಮೆ ಐದಕ್ಕೆ, ಒಮ್ಮೆ ಮೂರಕ್ಕೆ ಎಂಬಂತೆ ಹೆಚ್ಚಿಸಿ, ರೋಮದ ದಾರ, ಗಂಟಿನ ದಾರಗಳನ್ನೂ ಸೇರಿಸಿದಾಗ ಅದು ಹವಳವಾಯಿತು. ಕ್ರಮೇಣ ಬೇರೆಬೇರೆ ದೇಶಗಳ ಸಾವಿರಾರು ಮಂದಿ, ಹೆಚ್ಚಿನವರು ಹೆಂಗಸರು, ತಮ್ಮ ತಮ್ಮ ಊರಿನ ಉಲ್ಲನ್ ದಿಬ್ಬಗಳನ್ನು ಹೆಣೆದರು. 2019ರಲ್ಲಿ ಇವು ವೆನಿಸ್ಸಿನ ಪ್ರಸಿದ್ಧ ಕಲಾಪ್ರದರ್ಶನವನ್ನೂ ತಲುಪಿದವು. ಬಿಳಿ ದಾರದಲ್ಲೇ ಹೆಣೆದ ದಿಬ್ಬ ಬಿಳಿಚಿದ ಹವಳ. ಇನ್ನೊಂದು ದಿಬ್ಬಕ್ಕೆ ಪ್ಲಾಸ್ಟಿಕ್ ಚೀಲ ಕತ್ತರಿಸಿದ ಪಟ್ಟಿ, ಹಳೆಯ ವಿಡಿಯೋ ಟೇಪುಗಳೇ ದಾರ. ಅಂಥದಕ್ಕಿಂತ ಒರಟು ದಾರ ಯಾವುದಿದ್ದೀತು?

ರಜೆಯಲ್ಲಿ ಮಕ್ಕಳು ಇದನ್ನು ಮಾಡಿನೋಡುವುದಾದರೆ ಎರಡೂ ಬಗೆಯ ದಾರ ಇರಲಿ. 20 ಚೈನು ಹಾಕಿ, ಸಾದಾ ದಾರದಲ್ಲಿ ಐದಕ್ಕೊಂದರಂತೆ ಹೆಚ್ಚಿಸುತ್ತ ಏಳೆಂಟು ಸಾಲು ಬರಲಿ. ಪ್ರತಿ ಸಾಲಿನ ಎಣಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಲೆಕ್ಕಕ್ಕೆ ತಾಳೆ ನೋಡಬೇಕು. ಕಡೆಯ ಒಂದು ಸಾಲಿಗೆ ಮಾತ್ರ, ಹವಳದ ತುದಿಯಲ್ಲಿ, ಆ ಕಂಬಳಿಹುಳುವಿನಂಥ ದಾರವನ್ನು ದಪ್ಪ ಕಡ್ಡಿಯಲ್ಲಿ ಹಾಕಿದರಾಯಿತು. ಆ ಸಾಲನ್ನು ಎಣಿಸಬೇಕಾಗಿಲ್ಲ.